ಹಾರ್ಡ್‌ವಿಕ್ ಮನೆಯ ಕೊನೆಯ ಒಡತಿ

ಮೈಸೂರಿನಲ್ಲಿ ಓದಿ ಬೆಳೆದ ನಮ್ಮ ಓದುಗರಿಗೆ ಲ್ಯಾನ್ಸ್‌ಡೌನ್ ಬಜಾರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಳೆಯ ಪಠ್ಯಪುಸ್ತಕಗಳನ್ನು ಹುಡುಕಿಕೊಂಡು ಆ ಅಂಗಡಿಸಾಲಿಗೆ ಹೋಗದ ವಿದ್ಯಾರ್ಥಿ ಅಲ್ಲಿ ಅಪರೂಪ. 1892ರಲ್ಲಿ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಭೇಟಿಯಿತ್ತ ನೆನಪಿಗಾಗಿ ಎದ್ದ ಕಟ್ಟಡ ಅದು. 2012ರಲ್ಲಿ ಅದರ ಒಂದು ಭಾಗ ಕುಸಿದು ಜೀವಹಾನಿಯಾದ ಮೇಲೆ, ಉಳಿಸಬೇಕೇ ಕೆಡವಬೇಕೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಇತ್ತ ಉತ್ತರದಲ್ಲಿ ನೆಲೆಸಿರುವವರಿಗೆ ಗಢವಾಲದ ಬೆಟ್ಟಗಳ ನಡುವಿನ ಲ್ಯಾನ್ಸ್‌ಡೌನ್ ಎಂಬ ದಂಡಿನ ಊರು ಗೊತ್ತು. ಎರಡು ಹೆಸರಿಗೂ ಮೂಲ ಒಬ್ಬನೇ. ಆ ವೈಸ್‌ರಾಯನಿಗೆ ಎವೆಲಿನ್ ಎಂಬ ಮಗಳಿದ್ದಳು. ನಾವು ಇಲ್ಲಿ ಹೇಳಹೊರಟಿರುವುದು ಆಕೆಯ ವೈಧವ್ಯದ 22 ವರ್ಷಗಳ ಕಥೆ, ಮತ್ತು ಆ ವರ್ಷಗಳಲ್ಲಿ ಆಕೆಯ ಕಣ್ಣೆದುರಿಗೇ ಮನೆತನದ ಕೈ ಬಿಟ್ಟುಹೋದ ಒಂದು ದೊಡ್ಡ ಮನೆಯ ಕಥೆ.

ಎವೆಲಿನ್ ಹುಟ್ಟಿದ್ದು 1870ರಲ್ಲಿ. ತಂದೆ ಮೊದಲು ಕೆನಡಾದ ಗವರ್ನರ್ ಜನರಲ್, 1888ರಿಂದ 1894ರವರೆಗೆ ಭಾರತದ ವೈಸ್‌ರಾಯ್. ಹೀಗಾಗಿ ಆಕೆಯ ಯೌವನದ ಮೊದಲ ದಿನಗಳು ಸರ್ಕಾರಿ ಭವನಗಳಲ್ಲೇ ಕಳೆದವು. 1892ರ ಜುಲೈನಲ್ಲಿ ವಿಕ್ಟರ್ ಕ್ಯಾವೆಂಡಿಷ್‌ನೊಂದಿಗೆ ಮದುವೆಯಾಯಿತು. 1908ರಲ್ಲಿ ವಿಕ್ಟರ್ ತನ್ನ ದೊಡ್ಡಪ್ಪನ ಉತ್ತರಾಧಿಕಾರಿಯಾಗಿ ಡೆವನ್‌ಷೈರಿನ ಒಂಬತ್ತನೆಯ ಡ್ಯೂಕನಾದ. ಎವೆಲಿನ್ ಡಚೆಸ್ ಆದಳು. 1910ರಿಂದ ಆಕೆ ರಾಣಿ ಮೇರಿಯ ಪರಿವಾರದಲ್ಲಿ ಪ್ರಧಾನ ಸ್ಥಾನದಲ್ಲಿದ್ದಳು. 1911ರ ದೆಹಲಿ ದರ್ಬಾರಿಗೆ ರಾಣಿಯೊಂದಿಗೆ ಬಂದವರಲ್ಲಿ ಆಕೆಯೂ ಒಬ್ಬಳು. 1916ರಿಂದ 1921ರವರೆಗೆ ಗಂಡ ಕೆನಡಾದ ಗವರ್ನರ್ ಜನರಲ್ ಆದಾಗ, ಬಾಲ್ಯದಲ್ಲಿ ತಂದೆಯೊಂದಿಗೆ ಇದ್ದ ದೇಶಕ್ಕೆ ಮತ್ತೆ ಹೋದಳು. ಇಬ್ಬರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ಭದ್ರವಾದ ಬಾಳು ಇನ್ನೊಂದಿಲ್ಲವೆಂದೇ ತೋರುತ್ತಿತ್ತು.

ಆದರೆ ಡ್ಯೂಕ್ ಪದವಿಯೊಂದಿಗೇ ಸಾಲವೂ ಮನೆಗೆ ಬಂದಿತ್ತು. ಇಂಗ್ಲೆಂಡಿನಲ್ಲಿ 1894ರಲ್ಲಿ ಎಸ್ಟೇಟ್ ಡ್ಯೂಟಿ ಎಂಬ ಮರಣತೆರಿಗೆ ಜಾರಿಗೆ ಬಂತು. ಮೊದಲಿಗೆ ಅದರ ಅತಿ ಹೆಚ್ಚಿನ ದರ ನೂರಕ್ಕೆ 8. ದೊಡ್ಡ ಜಮೀನ್ದಾರರು ಆಗಲೇ ಗೊಣಗಿದರು. ಮುಂದಿನದು ಅವರಿಗೆ ಗೊತ್ತಿರಲಿಲ್ಲ. 1919ರಲ್ಲಿ ದರ 40 ಆಯಿತು, 1949ರಲ್ಲಿ 80 ಆಯಿತು. 1908ರಲ್ಲಿ ತೆರಬೇಕಾಗಿ ಬಂದ ತೆರಿಗೆ, ಹಳೆಯ ಸಾಲಗಳು ಸೇರಿ ಮನೆತನ ಒಂದೊಂದಾಗಿ ಕಳಚತೊಡಗಿತು. ಗ್ರಂಥಭಂಡಾರದಲ್ಲಿದ್ದ, ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಪುಸ್ತಕಗಳೂ ಹಳೆಯ ನಾಟಕಗಳ ಸಂಗ್ರಹವೂ ಅಮೆರಿಕದ ಹಂಟಿಂಗ್‌ಟನ್ ಪುಸ್ತಕಾಲಯಕ್ಕೆ ಮಾರಾಟವಾದವು. ಲಂಡನ್ನಿನ ಪಿಕಡಿಲಿಯಲ್ಲಿದ್ದ ಡೆವನ್‌ಷೈರ್ ಹೌಸ್ 1920ರಲ್ಲಿ ಮಾರಾಟವಾಗಿ 1924ರಲ್ಲಿ ನೆಲಸಮವಾಯಿತು. ಮುಖ್ಯ ನಿವಾಸವಾದ ಚಾಟ್ಸ್‌ವರ್ತ್‌ನಲ್ಲಿದ್ದ ಭಾರಿ ಗಾಜಿನ ಸಸ್ಯಾಗಾರವನ್ನು ಬೆಚ್ಚಗಿಡಲು ಕಲ್ಲಿದ್ದಲೂ ಆಳುಗಳೂ ಸಾಲದೆ, ಅದನ್ನು 1920ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. 1929ರಲ್ಲಿ ಚಿಸ್‌ವಿಕ್ ಹೌಸ್ ಕೂಡ ಹೋಯಿತು. 1925ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಸೌಮ್ಯನಾಗಿದ್ದ ಡ್ಯೂಕ್ ಸಿಡುಕನಾದ. 1938ರ ಮೇ ತಿಂಗಳಲ್ಲಿ ಆತ ತೀರಿಕೊಂಡ.

ಹಿರಿಯ ಮಗ ಎಡ್ವರ್ಡ್ ಹತ್ತನೆಯ ಡ್ಯೂಕನಾದ. ಚಾಟ್ಸ್‌ವರ್ತ್ ಅವನ ಮನೆಯಾಯಿತು. ಅಲ್ಲಿನ ಶ್ರೀಮಂತ ಮನೆತನಗಳ ರೂಢಿಯಂತೆ ಗಂಡ ಸತ್ತ ಮೇಲೆ ವಿಧವೆ ದೊಡ್ಡ ಮನೆಯನ್ನು ಮಗ-ಸೊಸೆಯರಿಗೆ ಬಿಟ್ಟು ಇನ್ನೊಂದು ಮನೆಗೆ ಹೋಗಬೇಕು. ಆ ಮನೆಯಲ್ಲಿ ಆಕೆ ಬದುಕಿರುವವರೆಗೆ ಇರಬಹುದು. ಆದರೆ ಅದು ಆಕೆಯ ಸ್ವತ್ತಲ್ಲ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಜೀವನಾಂಶಕ್ಕೆಂದು ಹಿತ್ತಲ ಕಡೆಯ ಕೋಣೆಯೊಂದನ್ನು ಬಿಟ್ಟುಕೊಡುತ್ತಿದ್ದುದನ್ನು ಕಂಡ ಹಿರಿಯರಿಗೆ ಈ ಏರ್ಪಾಡು ಬೇಗ ಅರ್ಥವಾದೀತು. ವ್ಯತ್ಯಾಸವೆಂದರೆ, ಡಚೆಸ್ ಎವೆಲಿನ್‌ಗೆ ಹೀಗೆ ಸಿಕ್ಕ ಮನೆ ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ಮನೆಗಳಲ್ಲೊಂದು. ಅದನ್ನು ಕಟ್ಟಿಸಿದವಳೂ ಒಬ್ಬ ವಿಧವೆಯೇ.

ಆ ಹಿಂದಿನ ವಿಧವೆಯ ವಿಷಯ ಸ್ವಲ್ಪ ಹೇಳದಿದ್ದರೆ ಹಾರ್ಡ್‌ವಿಕ್ ಏನೆಂಬುದು ತಿಳಿಯುವುದಿಲ್ಲ. ಡಾರ್ಬಿಷೈರಿನ ಹಾರ್ಡ್‌ವಿಕ್ ಎಂಬಲ್ಲಿ ಸಾಧಾರಣ ಜಮೀನಿನ ಕುಟುಂಬದಲ್ಲಿ ಸುಮಾರು 1527ರಲ್ಲಿ ಎಲಿಜಬೆತ್ ಹುಟ್ಟಿದಳು. ಚರಿತ್ರೆಯಲ್ಲಿ ಆಕೆಗೆ ಹಾರ್ಡ್‌ವಿಕ್‌ನ ಬೆಸ್ ಎಂದೇ ಹೆಸರು. ಮೊದಲ ಮದುವೆ ಹದಿಹರೆಯದಲ್ಲೇ ಆಗಿ, 1544ರಲ್ಲಿ ಗಂಡ ಸತ್ತ. ಇಂಗ್ಲಿಷ್ ಕಾನೂನಿನಂತೆ ವಿಧವೆಗೆ ಗಂಡನ ಜಮೀನಿನ ಮೂರನೇ ಒಂದು ಪಾಲಿನ ಆದಾಯ ಸಲ್ಲಬೇಕಿತ್ತು; ಅದನ್ನು ಪಡೆಯಲು ಈ ಹುಡುಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಹತ್ತಿ ಗೆದ್ದಳು. ಆಮೇಲೆ ಮೂರು ಮದುವೆಗಳಾದವು, ಪ್ರತಿ ಗಂಡನೂ ಹಿಂದಿನವನಿಗಿಂತ ದೊಡ್ಡ ಮನುಷ್ಯ. ಎರಡನೆಯವನಾದ ಸರ್ ವಿಲಿಯಂ ಕ್ಯಾವೆಂಡಿಷ್‌ನಿಂದ ಮಕ್ಕಳಾದರು. ಡೆವನ್‌ಷೈರ್ ಮನೆತನ ಬಂದದ್ದು ಅಲ್ಲಿಂದ. ನಾಲ್ಕನೆಯವನು ಷ್ರೂಸ್‌ಬರಿಯ ಅರ್ಲ್. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು 15 ವರ್ಷ ಸೆರೆಯಲ್ಲಿಟ್ಟು ಕಾಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಗಂಡಹೆಂಡಿರಿಗೆ ಕೊನೆಗಾಲದಲ್ಲಿ ಮುಖ ನೋಡಲೂ ಆಗದಷ್ಟು ವೈಮನಸ್ಯ. 1590ರಲ್ಲಿ ಅವನು ಸತ್ತಾಗ ಬೆಸ್‌ಗೆ ಅರವತ್ತು ದಾಟಿತ್ತು. ಆ ವರ್ಷವೇ ಹೊಸ ಮನೆಯ ಕೆಲಸ ಆರಂಭವಾಯಿತು; 1597ರ ಅಕ್ಟೋಬರಿನಲ್ಲಿ ಗೃಹಪ್ರವೇಶ.

ನಕ್ಷೆ ರಾಬರ್ಟ್ ಸ್ಮಿತ್‌ಸನ್ ಎಂಬ ಶಿಲ್ಪಿಯದೆಂದು ಹೇಳುತ್ತಾರೆ. ಕಲ್ಲು ಗುಡ್ಡದ ಬುಡದ ಗಣಿಯದು; ಗಾಜು ಆಕೆಯದೇ ಕಾರ್ಖಾನೆಯದು; ಸೀಸವೂ ಸ್ವಂತದ್ದು. ಗೋಡೆಗಿಂತ ಗಾಜೇ ಹೆಚ್ಚು ಎಂದು ಜನ ಆಡಿಕೊಳ್ಳುವಷ್ಟು ಕಿಟಕಿಗಳು. ಆರು ಗೋಪುರಗಳ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ಕಲ್ಲಿನಲ್ಲಿ ಕಡೆದ ದೊಡ್ಡ ದೊಡ್ಡ ಅಕ್ಷರಗಳು: ಇ ಮತ್ತು ಎಸ್, ಅಂದರೆ ಎಲಿಜಬೆತ್ ಷ್ರೂಸ್‌ಬರಿ. ಹಿಂದೆ ಗಂಡನ ಪಾಲಿಗಾಗಿ ಕೋರ್ಟಿಗೆ ಅಲೆದ ಹೆಂಗಸು ತನ್ನ ಹೆಸರನ್ನು ಮೈಲಿಗಟ್ಟಲೆ ದೂರಕ್ಕೆ ಕಾಣುವಂತೆ ಬರೆಸಿದಳು. ಲೆಕ್ಕಪುಸ್ತಕಗಳ ಪುಟಪುಟವನ್ನೂ ತಾನೇ ನೋಡಿ ಸಹಿ ಹಾಕುತ್ತಿದ್ದಳು ಎಂಬ ಸಂಗತಿ, ಬೆಳಗಿನಿಂದ ಸಂಜೆಯವರೆಗೆ ಕಡತಗಳ ನಡುವೆ ಕೂರುವ ನಮ್ಮಂಥ ಗುಮಾಸ್ತರಿಗೆ ವಿಶೇಷ ಗೌರವ ಹುಟ್ಟಿಸುತ್ತದೆ. ರಾಣಿ ಮೇರಿ ಇದೇ ಮನೆಯಲ್ಲಿ ಸೆರೆಯಲ್ಲಿದ್ದಳೆಂದು ಪ್ರವಾಸಿಗಳಿಗೆ ಬಹುಕಾಲ ಕಥೆ ಹೇಳುತ್ತಿದ್ದರು. ಕಟ್ಟಡದ ಪಾಯ ತೆಗೆಯುವ ಮೂರು ವರ್ಷ ಮೊದಲೇ, 1587ರಲ್ಲಿ, ಆಕೆಯ ತಲೆ ಕಡಿದಾಗಿತ್ತೆಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಒಳಗಿನ ಸಂಪತ್ತಿನಲ್ಲಿ ಮುಖ್ಯವಾದದ್ದು ಬಟ್ಟೆ. ಗೋಡೆಯನ್ನೇ ಮುಚ್ಚುವಂಥ, ಉಣ್ಣೆ ರೇಷ್ಮೆಗಳಲ್ಲಿ ಚಿತ್ರಗಳನ್ನು ನೇಯ್ದ ತೆರೆಗಳಿಗೆ ಟ್ಯಾಪೆಸ್ಟ್ರಿ ಎನ್ನುತ್ತಾರೆ. ಬೈಬಲಿನ ಹಳೆಯ ಒಡಂಬಡಿಕೆಯ ವೀರ ಗಿಡಿಯನ್ನನ ಕಥೆಯ 13 ತೆರೆಗಳನ್ನು ಬೆಸ್ 1592ರಲ್ಲಿ ಕೊಂಡಳು. ಒಂದೊಂದೂ ಸುಮಾರು ಆರು ಮೀಟರ್ ಎತ್ತರ. ಸರ್ ಕ್ರಿಸ್ಟೋಫರ್ ಹ್ಯಾಟನ್ ಎಂಬ ಮಂತ್ರಿಗಾಗಿ ಫ್ಲಾಂಡರ್ಸಿನಲ್ಲಿ ನೇಯ್ದವು ಅವು. ಆತ ಸಾಲ ಬಿಟ್ಟು ಸತ್ತದ್ದರಿಂದ ಮಾರಾಟಕ್ಕೆ ಬಂದವು. ಬೆಲೆ 326 ಪೌಂಡಿನ ಮೇಲೆ ಚಿಲ್ಲರೆ. ಆದರೆ ತೆರೆಗಳಲ್ಲಿದ್ದ ಹ್ಯಾಟನ್ನನ ಲಾಂಛನವನ್ನು ಮುಚ್ಚಿಸುವ ಖರ್ಚಿದೆಯೆಂದು ವಾದಿಸಿ, ಬೆಸ್ ಬೆಲೆಯಲ್ಲಿ ಕಡಿತ ಮಾಡಿಸಿಕೊಂಡಳು. ಆಮೇಲೆ ತನ್ನ ಲಾಂಛನವನ್ನು ಬಟ್ಟೆಯ ಮೇಲೆ ಬರೆಸಿ ಹ್ಯಾಟನ್ನನದರ ಮೇಲೆ ಅಂಟಿಸಿದಳು. ಅವನ ಲಾಂಛನದ ಹೆಣ್ಣುಜಿಂಕೆಗಳಿಗೆ ಕೊಂಬು ಬರೆಸಿ ತನ್ನ ಮನೆತನದ ಗಂಡುಜಿಂಕೆಗಳನ್ನಾಗಿಸಿದಳು. 1601ರಲ್ಲಿ ಮನೆಯ ಪ್ರತಿಯೊಂದು ವಸ್ತುವಿನ ಪಟ್ಟಿ ಮಾಡಿಸಿ, ಇವು ಈ ಮನೆಯಲ್ಲೇ ಉಳಿಯಬೇಕೆಂದು ಉಯಿಲಿನಲ್ಲಿ ವಿಧಿಸಿದಳು. 1608ರ ಫೆಬ್ರವರಿಯಲ್ಲಿ ತೀರಿಕೊಂಡಳು.

ಮುಂದೆ ಮನೆತನ 15 ಮೈಲಿ ಆಚೆಯ ಚಾಟ್ಸ್‌ವರ್ತ್ ಅನ್ನು ಮುಖ್ಯ ನಿವಾಸ ಮಾಡಿಕೊಂಡಿತು. ಹಾರ್ಡ್‌ವಿಕ್ ಎರಡನೆಯ ಮನೆಯಾಯಿತು. ಮನೆತನದ ಮಕ್ಕಳಿಗೆ ಪಾಠ ಹೇಳಿದ್ದ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ 1679ರಲ್ಲಿ ಇಲ್ಲೇ ತೀರಿಕೊಂಡ. ಹಳೆಯದೆಂಬ ಕಾರಣಕ್ಕೇ ಈ ಮನೆಯನ್ನು ಪ್ರೀತಿಸಿದ ಆರನೆಯ ಡ್ಯೂಕ್ 1858ರಲ್ಲಿ ಇಲ್ಲೇ ಸತ್ತ. ಉಳಿದಂತೆ ಹೆಚ್ಚು ಕಾಲ ಖಾಲಿ. ಹಣವಿದ್ದವರು ತಮ್ಮ ಮನೆಗಳನ್ನು ತಲೆಮಾರಿಗೊಮ್ಮೆ ಒಡೆದು ಹೊಸ ಮಾದರಿಯಲ್ಲಿ ಕಟ್ಟಿಸಿಕೊಂಡರು. ಹಾರ್ಡ್‌ವಿಕ್‌ಗೆ ಆ ಭಾಗ್ಯವಿರಲಿಲ್ಲ. ಹಾಗಾಗಿಯೇ 1601ರ ಪಟ್ಟಿಯಲ್ಲಿದ್ದ ಎಷ್ಟೋ ಸಾಮಾನು 20ನೆಯ ಶತಮಾನದಲ್ಲೂ ಇದ್ದಲ್ಲೇ ಸಿಕ್ಕವು. ಮನೆಯನ್ನು ಕಾಪಾಡಿದ್ದು ಪ್ರೀತಿಗಿಂತ ಹೆಚ್ಚಾಗಿ ಅಲಕ್ಷ್ಯವೇ ಎಂದು ನಮಗೆ ತೋರುತ್ತದೆ.

ಅಂಥ ಮನೆಗೆ 68ನೆಯ ವಯಸ್ಸಿನ ಹೊತ್ತಿಗೆ ಎವೆಲಿನ್ ಬಂದಳು. ಆಕೆಗೆ ಅದು ಹೊಸದಲ್ಲ. ಡಚೆಸ್ ಆಗಿದ್ದ ಕಾಲದಿಂದಲೂ ಅಲ್ಲಿನ ತೆರೆಗಳನ್ನು, ಕಸೂತಿಗಳನ್ನು ಬಿಚ್ಚಿಸಿ, ಧೂಳು ತೆಗೆಸಿ, ಹರಿದಲ್ಲಿ ಹೊಲಿಸುವ ಕೆಲಸಕ್ಕೆ ಕೈ ಹಾಕಿದ್ದಳು. ವಿಧವೆಯಾದ ಮೇಲೆ ಅದೇ ಆಕೆಯ ದಿನಚರಿಯಾಯಿತು. ಇತರರಿಂದ ಮಾಡಿಸಿದ್ದಷ್ಟೇ ಅಲ್ಲ, ಸೂಜಿ ದಾರ ಹಿಡಿದು ತಾನೇ ಕೂತಳು. ರಾಣಿಯ ಪಕ್ಕದಲ್ಲಿ ನಿಲ್ಲುತ್ತಿದ್ದ ಹೆಂಗಸು ಮುದಿವಯಸ್ಸಿನಲ್ಲಿ ನೆಲದ ಮೇಲೆ ಹರಡಿದ ಹಳೆಯ ಬಟ್ಟೆಯ ತೂತುಗಳನ್ನು ಹುಡುಕುತ್ತಿದ್ದಳು.

ಈ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ವಿಜ್ಞಾನ ಓದಿದವರು ಊಹಿಸಬಲ್ಲರು. ಬೆಸ್ ಹೆಮ್ಮೆಯಿಂದ ಹಾಕಿಸಿದ ಕಿಟಕಿಗಳೇ ಆಕೆಯ ತೆರೆಗಳ ಶತ್ರು. ಬೆಳಕಿನಲ್ಲಿ, ಅದರಲ್ಲೂ ನೇರಳಾತೀತ ಕಿರಣಗಳಲ್ಲಿ, ಬಣ್ಣ ಮಾಸುತ್ತದೆ. ಹಳದಿ ಮೊದಲು ಹೋಗುವುದರಿಂದ, ನೀಲಿ ಹಳದಿ ಬೆರೆಸಿ ಬಣ್ಣ ಕಟ್ಟಿದ ಹಸಿರು ಎಲೆಗಳು ಕ್ರಮೇಣ ನೀಲಿಯಾಗುತ್ತವೆ. ರೇಷ್ಮೆಯ ಎಳೆ ಉಣ್ಣೆಗಿಂತ ಬೇಗ ಮುರಿಯುತ್ತದೆ. ಕಂದು, ಕಪ್ಪು ಬಣ್ಣಕ್ಕೆ ಕಬ್ಬಿಣದ ಲವಣ ಬಳಸುತ್ತಿದ್ದುದರಿಂದ ಆ ಎಳೆಗಳು ತಾವಾಗಿಯೇ ಕೊಳೆತು ಪುಡಿಯಾಗುತ್ತವೆ. ಚಿತ್ರದ ಅಂಚುಗೆರೆಗಳೇ ಮೊದಲು ಉದುರುತ್ತವೆ. ಇದರ ಜೊತೆಗೆ ಹಾರ್ಡ್‌ವಿಕ್ ಇರುವುದು ಕಲ್ಲಿದ್ದಲಿನ ಸೀಮೆಯಲ್ಲಿ. ಸುತ್ತಲಿನ ಗಣಿಗಳ, ಒಲೆಗಳ ಹೊಗೆಯಲ್ಲಿದ್ದ ಗಂಧಕ ತೇವದೊಂದಿಗೆ ಸೇರಿ ಆಮ್ಲವಾಗಿ ಕಲ್ಲನ್ನೂ ಬಟ್ಟೆಯನ್ನೂ ತಿನ್ನುತ್ತಿತ್ತು. ಆ ಕಲ್ಲಿದ್ದಲೂ ಅಲ್ಲಿನ ಜಮೀನ್ದಾರರಿಗೆ ಹಣ ತಂದದ್ದೇ ಎಂಬುದನ್ನು ಮರೆಯಬಾರದು. ಇದೆಲ್ಲವನ್ನೂ ಒಬ್ಬ ಮುದುಕಿ ದಾರದಿಂದ ತಡೆಯಲಾಗುವುದಿಲ್ಲ. ತಡೆಯಲಾಗದಿದ್ದರೂ ನಿಧಾನ ಮಾಡಬಹುದು. ಆಕೆ ಮಾಡಿದ್ದು ಅದನ್ನೇ.

ಅಷ್ಟರಲ್ಲಿ ಯುದ್ಧ ಬಂತು. 1944ರ ಮಾರ್ಚಿನಲ್ಲಿ ಕಿರಿಯ ಮಗ ಚಾರ್ಲ್ಸ್ ತೀರಿಕೊಂಡ. ಅದೇ ವರ್ಷದ ಮೇ ತಿಂಗಳಲ್ಲಿ ಮೊಮ್ಮಗ ವಿಲಿಯಂ, ಮುಂದೆ ಡ್ಯೂಕ್ ಆಗಬೇಕಿದ್ದವನು, ಅಮೆರಿಕದ ಕ್ಯಾಥ್ಲೀನ್ ಕೆನೆಡಿಯನ್ನು ಮದುವೆಯಾದ. ಆಕೆ ಮುಂದೆ ಅಧ್ಯಕ್ಷನಾದ ಜಾನ್ ಕೆನೆಡಿಯ ತಂಗಿ. ನಾಲ್ಕು ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಆ ಮೊಮ್ಮಗ ಬೆಲ್ಜಿಯಮ್ಮಿನ ರಣರಂಗದಲ್ಲಿ ಮಡಿದ. 1948ರಲ್ಲಿ ಕ್ಯಾಥ್ಲೀನ್ ವಿಮಾನಾಪಘಾತದಲ್ಲಿ ಸತ್ತಳು.

ಉಳಿದವನು ಹಿರಿಯ ಮಗ ಎಡ್ವರ್ಡ್. ಮರಣತೆರಿಗೆಯಿಂದ ಪಾರಾಗಲು ಆತ 1946ರಲ್ಲಿ ಆಸ್ತಿಯ ಬಹುಭಾಗವನ್ನು ಮಗನ ಕಡೆಗೆ ವರ್ಗ ಮಾಡಿದ್ದ. ಹೀಗೆ ವರ್ಗ ಮಾಡಿದವನು ಇಂತಿಷ್ಟು ವರ್ಷ ಬದುಕಿದ್ದರೆ ಮಾತ್ರ ತೆರಿಗೆಯ ವಿನಾಯಿತಿ. ಆ ಅವಧಿ ಮೊದಲು ಮೂರು ವರ್ಷವಿತ್ತು. 1946ರಲ್ಲೇ ಸರ್ಕಾರ ಅದನ್ನು ಐದಕ್ಕೆ ಏರಿಸಿತು. 1950ರ ನವೆಂಬರ್ 26ರಂದು ಎಡ್ವರ್ಡ್, ತನಗೆ ಪ್ರಿಯವಾದ ಕಟ್ಟಿಗೆ ಒಡೆಯುವ ಕೆಲಸದಲ್ಲಿ ತೊಡಗಿದ್ದಾಗ, ಹೃದಯಾಘಾತದಿಂದ ಸತ್ತ. ವಯಸ್ಸು 55. ಐದು ವರ್ಷ ತುಂಬಲು ನಾಲ್ಕು ತಿಂಗಳು ಕೂಡ ಉಳಿದಿರಲಿಲ್ಲ. ನೂರಕ್ಕೆ 80ರ ದರದಲ್ಲಿ ತೆರಿಗೆ ಬಿತ್ತು.

ಇದನ್ನು ಅನ್ಯಾಯವೆನ್ನಬೇಕೆ? ನಮಗೆ ಸುಲಭವಾಗಿ ಹಾಗೆನ್ನಲು ಬರುವುದಿಲ್ಲ. ನಮ್ಮ ದೇಶದಲ್ಲೂ 1953ರಲ್ಲಿ ಇದೇ ತೆರಿಗೆ ಬಂದು, ಒಂದು ಕಾಲಕ್ಕೆ 85ರವರೆಗೆ ಏರಿ, 1985ರಲ್ಲಿ ರದ್ದಾಯಿತು. ಸಂಬಳದಲ್ಲೇ ಬದುಕುವವರು ಅದಕ್ಕಾಗಿ ಕಣ್ಣೀರು ಹಾಕಿದ್ದನ್ನು ನಾವು ಕಾಣೆವು. ಸಾವಿರಾರು ಎಕರೆ ಒಂದೇ ಮನೆಯಲ್ಲಿ ಶತಮಾನಗಟ್ಟಲೆ ಉಳಿಯುವುದನ್ನು ತಡೆಯುವುದೇ ಆ ಕಾನೂನಿನ ಉದ್ದೇಶ. ಆದರೆ ಆ ಕಾನೂನು ಮನೆಯೊಳಗೆ ಕೂತಿದ್ದ 80 ವರ್ಷದ ಹೆಂಗಸನ್ನು ಏನೂ ಕೇಳಲಿಲ್ಲ ಎಂಬುದೂ ನಿಜ. ಆಕೆಯನ್ನು ಕೇಳುವ ಅಗತ್ಯವೇ ಇರಲಿಲ್ಲ. ಹೆಸರಿನಲ್ಲಿ ಏನೂ ಇರಲಿಲ್ಲವಲ್ಲ!

ಹೊಸ ಡ್ಯೂಕ್ ಆ್ಯಂಡ್ರೂ, ಎವೆಲಿನ್‌ಳ ಇನ್ನೊಬ್ಬ ಮೊಮ್ಮಗ. ಆತ ಸಾವಿರಾರು ಎಕರೆ ಮಾರಿದ. ಹೋಲ್ಬೈನ್ ಬರೆದ ಎಂಟನೆಯ ಹೆನ್ರಿಯ ಚಿತ್ರ, ರೆಂಬ್ರಾಂಟನ ಒಂದು ಚಿತ್ರ, ಹತ್ತನೆಯ ಶತಮಾನದ ಹಸ್ತಪ್ರತಿ, ಗ್ರೀಕರ ಕಾಲದ ಕಂಚಿನ ಅಪೊಲೊ ಶಿರ ಮುಂತಾದವು ತೆರಿಗೆಯ ಲೆಕ್ಕಕ್ಕೆ ರಾಷ್ಟ್ರದ ಸಂಗ್ರಹಾಲಯಗಳಿಗೆ ಹೋದವು. ಅದೂ ಸಾಲದಾದಾಗ ಎರಡು ಮನೆಗಳಲ್ಲಿ ಒಂದನ್ನು ಬಿಡಬೇಕಾಯಿತು. ಚಾಟ್ಸ್‌ವರ್ತ್ ಉಳಿಯಿತು, ಹಾರ್ಡ್‌ವಿಕ್ ಹೋಯಿತು. 1956ರಲ್ಲಿ ಹಣದ ಬದಲು ಅದನ್ನು ಬ್ರಿಟಿಷ್ ಖಜಾನೆ ವಹಿಸಿಕೊಂಡಿತು. ಆ ವರ್ಷ ಅಲ್ಲಿನ ಹಣಕಾಸು ಮಂತ್ರಿ ಹೆರಾಲ್ಡ್ ಮ್ಯಾಕ್‌ಮಿಲನ್. 1920ರಲ್ಲಿ ಎವೆಲಿನ್‌ಳ ಮಗಳು ಡೊರೊತಿಯನ್ನು ಮದುವೆಯಾದವನು, ಅಂದರೆ ಆಕೆಯ ಸ್ವಂತ ಅಳಿಯ! ಮುಂದಿನ ವರ್ಷ ಆತ ಪ್ರಧಾನಿಯಾದ. 1958ರ ಜನವರಿಯಲ್ಲಿ ದೆಹಲಿಗೂ ಬಂದ. ಅಳಿಯ ಅತ್ತೆಯ ಮನೆ ಕಿತ್ತುಕೊಂಡನೆಂದು ಹೇಳಿದರೆ ತಮಾಷೆಯಾದೀತೇ ಹೊರತು ನಿಜವಾಗದು. ಕಾನೂನಿಗೆ ಅತ್ತೆ ಅಳಿಯ ಎಂಬ ಭೇದವಿಲ್ಲ.

ಅದೇ 1956ರಲ್ಲಿ ನಮ್ಮ ಸಂಸತ್ತು ಹಿಂದೂ ಉತ್ತರಾಧಿಕಾರ ಕಾನೂನನ್ನು ಮಾಡಿ, ವಿಧವೆಯ ಕೈಯಲ್ಲಿದ್ದ ಸೀಮಿತ ಹಕ್ಕಿನ ಆಸ್ತಿಯನ್ನು ಪೂರ್ಣ ಒಡೆತನವಾಗಿಸಿತು. ಮೈಸೂರು ಸಂಸ್ಥಾನವಂತೂ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಬಗ್ಗೆ ತನ್ನದೇ ಕಾನೂನು ಮಾಡಿತ್ತು. ಹಾರ್ಡ್‌ವಿಕ್‌ನ ಡಚೆಸ್‌ಗೆ ಇವುಗಳಿಂದ ಏನೂ ಆಗಬೇಕಿರಲಿಲ್ಲ. ಎರಡನ್ನೂ ಒಟ್ಟಿಗೆ ನೆನೆಸಿಕೊಂಡರೆ ಮಾತ್ರ ಕುತೂಹಲವಾಗುತ್ತದೆ.

1959ರಲ್ಲಿ ಖಜಾನೆ ಮನೆಯನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿತು. 1895ರಲ್ಲಿ ಹುಟ್ಟಿದ ಈ ಟ್ರಸ್ಟ್ ಹಳೆಯ ಮನೆಗಳನ್ನೂ ಚೆಲುವಾದ ಪ್ರದೇಶಗಳನ್ನೂ ಜನರ ಪರವಾಗಿ ಕಾಯುತ್ತದೆ. ಹಾಗೆ ಸಿಕ್ಕಿದ ಮನೆಗಳು ಪುಣ್ಯವಂತವು. ಎರಡು ಯುದ್ಧಗಳ ನಂತರ ಕಾಯುವವರಿಲ್ಲದೆ, ಸೂರಿನ ಸೀಸವನ್ನೂ ಮೆಟ್ಟಿಲಿನ ಮರವನ್ನೂ ತೂಕಕ್ಕೆ ಮಾರಿ ಕೆಡವಿದ ಮನೆಗಳು ಇಂಗ್ಲೆಂಡಿನಲ್ಲಿ ನೂರಾರು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಆ ನಾಶದ ಬಗ್ಗೆಯೇ ಒಂದು ಪ್ರದರ್ಶನ ನಡೆಸಿದ ಮೇಲೆ ಅಲ್ಲಿನ ಜನ ಎಚ್ಚೆತ್ತರು.

ಎವೆಲಿನ್ 1960ರ ಏಪ್ರಿಲ್ 2ರಂದು ತೀರಿಕೊಂಡಳು. 90 ತುಂಬಲು ಕೆಲವು ತಿಂಗಳು ಬಾಕಿ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು, ಮನೆಯ ಒಡೆತನ ಮನೆತನದಿಂದ ಖಜಾನೆಗೆ, ಖಜಾನೆಯಿಂದ ಟ್ರಸ್ಟಿಗೆ ದಾಟುವುದನ್ನು ಒಳಗಿನಿಂದಲೇ ನೋಡಿದ್ದಳು. ಹಾರ್ಡ್‌ವಿಕ್‌ನಲ್ಲಿ ಮನೆಯೊಡತಿಯಾಗಿ ವಾಸಿಸಿದ ಕೊನೆಯವಳು ಆಕೆಯೇ. ಆಕೆಯ ಅಕ್ಷರಗಳು ಯಾವ ಗೋಪುರದ ಮೇಲೂ ಇಲ್ಲ.

ಆಕೆಯ ಕೈಗೆಲಸವನ್ನು ಮುಂದೆ ಟ್ರಸ್ಟ್ ವಹಿಸಿಕೊಂಡಿತು. ಗಿಡಿಯನ್ನನ 13 ತೆರೆಗಳನ್ನು ಒಂದೊಂದಾಗಿ ಬೆಲ್ಜಿಯಮ್ಮಿಗೆ ಕಳಿಸಿ ತೊಳೆಸಿ, ನಾರ್ಫೋಕ್‌ನ ಕಾರ್ಯಾಗಾರದಲ್ಲಿ ಸೂಜಿ ಹಿಡಿದು ದುರಸ್ತಿ ಮಾಡಿದರು. ಹೊಸ ಉಪಕರಣ, ಹೊಸ ರಸಾಯನಶಾಸ್ತ್ರ, ತರಬೇತಾದ ಕೆಲಸಗಾರರು ಎಲ್ಲ ಇದ್ದೂ, 17 ಲಕ್ಷ ಪೌಂಡ್ ಖರ್ಚಾಗಿ, ಆ ಕೆಲಸಕ್ಕೆ 24 ವರ್ಷ ಹಿಡಿಯಿತು. ಕೊನೆಯ ತೆರೆ ಹಾರ್ಡ್‌ವಿಕ್‌ನ ಉದ್ದನೆಯ ಹಜಾರದ ಗೋಡೆಗೆ ಮರಳಿದ್ದು 2023ರಲ್ಲಿ.